‘ಬಂದಿದೆ’ ಎಂಬ ಉತ್ತರ ಮತ್ತು 74 ಹಲಗೆಗಳು: ಕಿಂಡಿ ಅಣೆಕಟ್ಟಿನ ಪ್ರಶ್ನೆಯೊಂದರ ಪ್ರಕರಣ ಅಧ್ಯಯನ

ಉಡುಪಿ ಜಿಲ್ಲೆಯ ಕಿಂಡಿ ಅಣೆಕಟ್ಟೊಂದರಲ್ಲಿ ಡಿಸೆಂಬರ್ ಕಳೆದರೂ ನೀರು ನಿಲ್ಲಲಿಲ್ಲ. ಕಿಂಡಿಗಳಿಗೆ ಇಳಿಸಿ ನೀರು ತಡೆಯುವ ಹಲಗೆಗಳಲ್ಲಿ 74 ಕಡಿಮೆ ಬಿದ್ದಿದ್ದವು. ಅದೇ ತಿಂಗಳು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಆ ಕ್ಷೇತ್ರದ ಕಿಂಡಿ ಅಣೆಕಟ್ಟುಗಳ ಬಗ್ಗೆ ಕೇಳಿದ ಪ್ರಶ್ನೆಗೆ ಸಚಿವರ ಉತ್ತರವೂ ಬಂತು. ಅದರಲ್ಲಿ 18 ಕೋಟಿ ರೂಪಾಯಿಯ ಲೆಕ್ಕವಿತ್ತು. ಹಲಗೆ ಎಂಬ ಪದ ಒಂದು ಕಡೆಯೂ ಇರಲಿಲ್ಲ.

ಮೊದಲೇ ಒಂದು ಮಾತು. ಈ ಪ್ರಕರಣದ ಅಣೆಕಟ್ಟು, ಶಾಸಕರು, ಮೊತ್ತಗಳು ಮತ್ತು ಪ್ರಶ್ನೆ ಕೇಳಿದ ದಿನಗಳು ಕೆಲಸದ ಕ್ರಮವನ್ನು ತೋರಿಸಲೆಂದು ಜೋಡಿಸಿದ ಮಾದರಿ. ಸದನದ ಕ್ರಮ, ಲೆಕ್ಕಶೀರ್ಷಿಕೆ, ಕಚೇರಿಗಳ ಸರಣಿ, ನದಿಗಳ ಸಂಗತಿ ಇವೆಲ್ಲ ಇರುವಂತೆಯೇ ಇವೆ. ಕರಾವಳಿಯ 13 ಕ್ಷೇತ್ರಗಳಲ್ಲಿ (ದಕ್ಷಿಣ ಕನ್ನಡದ 8, ಉಡುಪಿಯ 5) ಯಾವುದರ ಶಾಸಕರ ಕಚೇರಿಯಲ್ಲಿ ಕೂತು ಪ್ರಶ್ನೆ ಬರೆದರೂ ಇದೇ ತೊಡಕು ಎದುರಾಗುತ್ತದೆ.

ಅಣೆಕಟ್ಟು ಬ್ರಹ್ಮಾವರ ತಾಲೂಕಿನ ಒಂದು ಹೊಳೆಗೆ ಅಡ್ಡಲಾಗಿದೆ. 12 ಕಿಂಡಿ, ಒಂದೊಂದರ ಅಗಲ 2 ಮೀಟರ್, ನೀರು ನಿಲ್ಲಿಸುವ ಎತ್ತರ 2.4 ಮೀಟರ್. ಪ್ರತಿ ಕಂಬದಲ್ಲಿ ಎರಡು ಸಾಲು ಗಾಡಿ (ಹಲಗೆ ಕೂರುವ ಉದ್ದನೆಯ ತೋಡು) ಕೊರೆದಿರುತ್ತಾರೆ. ಆ ಗಾಡಿಗಳಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಎರಡು ಸಾಲಿನ ನಡುವೆ ಮಣ್ಣು ತುಂಬಿ ತುಳಿದರೆ ಕಟ್ಟ ಆಯಿತು. ಹಲಗೆಯ ಎತ್ತರ 30 ಸೆಂ.ಮೀ. ಆದ್ದರಿಂದ ಒಂದು ಸಾಲಿಗೆ 8, ಒಂದು ಕಿಂಡಿಗೆ 16, ಇಡೀ ಅಣೆಕಟ್ಟಿಗೆ 192 ಹಲಗೆ ಬೇಕು. ಮಳೆ ಬಿಟ್ಟು ಹೊಳೆಯ ಹರಿವು ತಗ್ಗುವ ನವೆಂಬರ್–ಡಿಸೆಂಬರಿನಲ್ಲಿ ಹಾಕಬೇಕು, ಪತ್ತನಾಜೆಯ (ಮೇ 24ರ ಸುಮಾರಿಗೆ ಬರುವ ತುಳುನಾಡಿನ ಆಚರಣೆಯ ದಿನ) ಹೊತ್ತಿಗೆ ತೆಗೆಯಬೇಕು. ಹಾಕುವುದು ತಡವಾದರೆ ಸುಗ್ಗಿ (ಎರಡನೇ ಬೆಳೆಯ) ಗದ್ದೆಗೆ ನೀರಿಲ್ಲ, ಫೆಬ್ರವರಿಯ ನಂತರ ಅಡಿಕೆ ತೋಟಕ್ಕೂ ಇಲ್ಲ, ಸಮುದ್ರಕ್ಕೆ ಹತ್ತಿರವಿದ್ದರೆ ಬಾವಿಗಳಿಗೆ ಉಪ್ಪುನೀರು ಏರುತ್ತದೆ. ತೆಗೆಯುವುದು ತಡವಾದರೆ ಜೂನ್ ಮೊದಲ ನೆರೆಯಲ್ಲಿ ಮರದ ದಿಮ್ಮಿ, ಬಿದಿರು ಬಂದು ಹಲಗೆಗೆ ಸಿಕ್ಕಿಕೊಳ್ಳುತ್ತವೆ. ಹೊಳೆ ಕಂಬದ ನಡುವೆ ದಾರಿ ಸಿಗದೆ ಪಕ್ಕದ ದಂಡೆ ಕೊರೆದು ಗದ್ದೆಗೆ ನುಗ್ಗುತ್ತದೆ.

ಆ ವರ್ಷ ಗೋದಾಮಿನಲ್ಲಿದ್ದ ಹಲಗೆಗಳಲ್ಲಿ ಬಳಸಬಹುದಾದವು 118. ಉಳಿದ 74 ಗೆದ್ದಲು ತಿಂದವು, ಸೀಳಿದವು, ಇಲ್ಲವೇ ಕಾಣೆಯಾದವು. ಒಂದು ಹಲಗೆಗೆ 2,500 ರೂಪಾಯಿಯಂತೆ ಹಿಡಿದರೂ ಹೊಸದು ಮಾಡಿಸಲು 1.85 ಲಕ್ಷ ರೂಪಾಯಿ ಸಾಕಿತ್ತು. ಇಷ್ಟು ಸಣ್ಣ ಮೊತ್ತ ವಿಧಾನಸಭೆಯ ತನಕ ಹೋಗಿ ಬರಿಗೈಯಲ್ಲಿ ಮರಳಿದ್ದೇ ಈ ಪ್ರಕರಣದ ವಿಷಯ.

ಮೊದಲ ಪ್ರಶ್ನೆ

ಬೆಳಗಾವಿ ಅಧಿವೇಶನಕ್ಕೆ ಶಾಸಕರ ಕಚೇರಿಯಿಂದ ಹೋದ ಪ್ರಶ್ನೆ ಹೀಗಿತ್ತು:

(ಅ) ಕ್ಷೇತ್ರದ ವ್ಯಾಪ್ತಿಯಲ್ಲಿ ಕಿಂಡಿ ಅಣೆಕಟ್ಟುಗಳು ದುಸ್ಥಿತಿಯಲ್ಲಿದ್ದು ರೈತರಿಗೆ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ;
(ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡಿರುವ ಕ್ರಮಗಳೇನು;
(ಇ) ಕಳೆದ ಮೂರು ವರ್ಷಗಳಲ್ಲಿ ಕಿಂಡಿ ಅಣೆಕಟ್ಟುಗಳಿಗೆ ಬಿಡುಗಡೆಯಾದ ಅನುದಾನವೆಷ್ಟು? (ವಿವರ ನೀಡುವುದು)

ಉತ್ತರದ ಹಾಳೆಯ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ)ಗೆ ಎದುರಾಗಿ ಒಂದೇ ಪದ: ‘ಬಂದಿದೆ.’ (ಆ)ಗೆ: ‘ಅನುದಾನದ ಲಭ್ಯತೆ ಹಾಗೂ ಆದ್ಯತೆಗನುಗುಣವಾಗಿ ಕಾಮಗಾರಿಗಳನ್ನು ಕೈಗೆತ್ತಿಕೊಳ್ಳಲು ಕ್ರಮವಹಿಸಲಾಗುವುದು.’ (ಇ)ಗೆ: ‘ವಿವರವನ್ನು ಅನುಬಂಧದಲ್ಲಿ ನೀಡಲಾಗಿದೆ.’ ಅನುಬಂಧದಲ್ಲಿ ಮೂರು ವರ್ಷಗಳ ಕೋಷ್ಟಕ, ಹಂಚಿಕೆ 18 ಕೋಟಿ, ವೆಚ್ಚ 15.60 ಕೋಟಿ.

ಇದರಲ್ಲಿ ಸುಳ್ಳು ಏನೂ ಇಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಬಂದಿದೆ. ಕೇಳಿದ್ದೇ ತಪ್ಪಾಗಿತ್ತು. ‘ಗಮನಕ್ಕೆ ಬಂದಿದೆಯೇ’ ಎಂದು ಕೇಳಿದರೆ ‘ಬಂದಿದೆ’ ಅಥವಾ ‘ಬಂದಿರುವುದಿಲ್ಲ’ ಎರಡೇ ಉತ್ತರ ಸಾಧ್ಯ. ಎರಡರಿಂದಲೂ ಊರಿಗೆ ಏನೂ ತಿಳಿಯುವುದಿಲ್ಲ. ನಮ್ಮ ಪ್ರಶ್ನೆಗಳಲ್ಲಿ ಬಹುಪಾಲು ಈ ಒಕ್ಕಣೆಯಿಂದಲೇ ಶುರುವಾಗುವುದು ಹಳೆಯ ರೂಢಿ. ಬರೆದುಕೊಡುವ ಆಪ್ತ ಸಹಾಯಕರು ಹಿಂದಿನ ಅಧಿವೇಶನದ ಹಾಳೆಯನ್ನು ಎದುರಿಗಿಟ್ಟು ಊರಿನ ಹೆಸರು ಬದಲಿಸುತ್ತಾರೆ. (ಅ), (ಆ), (ಇ) ಎಂಬ ಬೆಲೆಬಾಳುವ ಜಾಗಗಳಲ್ಲಿ ಮೊದಲನೆಯದು ಹೀಗೆ ಪೋಲಾಗುತ್ತದೆ.

ಪ್ರಶ್ನೆ ಊರಿಗೆ ಬಂದು ಮರಳುವ ದಾರಿ

ವಿಧಾನಸಭೆ ಸಚಿವಾಲಯಕ್ಕೆ ಕನಿಷ್ಠ 15 ದಿನ ಮುಂಚೆ ಪ್ರಶ್ನೆಯ ಸೂಚನೆ ತಲುಪಬೇಕು. ಅಂಗೀಕಾರವಾದ ಮೇಲೆ ಅದು ಇಲಾಖೆಯ ಕಾರ್ಯದರ್ಶಿಯವರ ಕಚೇರಿಗೆ, ಅಲ್ಲಿಂದ ಮುಖ್ಯ ಇಂಜಿನಿಯರ್, ಅಧೀಕ್ಷಕ ಇಂಜಿನಿಯರ್, ವಿಭಾಗದ ಕಾರ್ಯಪಾಲಕ ಇಂಜಿನಿಯರ್, ಉಪವಿಭಾಗದ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಎಂದು ಇಳಿಯುತ್ತ ಕೊನೆಗೆ ಆ ಹೋಬಳಿ ನೋಡಿಕೊಳ್ಳುವ ಕಿರಿಯ ಇಂಜಿನಿಯರ್ ಮೊಬೈಲಿಗೆ ಬರುತ್ತದೆ. ಕಚೇರಿಯ ಮಾತಿನಲ್ಲಿ ‘ಎಲ್‌ಎಕ್ಯೂ’, ಪರಿಷತ್ತಿನದಾದರೆ ‘ಎಲ್‌ಸಿಕ್ಯೂ’. ಕೆಳಗಿನ ಹಂತಕ್ಕೆ ಬರುವಾಗ 15 ದಿನದಲ್ಲಿ ಎರಡು-ಮೂರು ದಿನ ಮಿಕ್ಕಿದ್ದರೆ ಪುಣ್ಯ. ‘ಇವತ್ತು ಸಂಜೆಯೊಳಗೆ’ ಎಂಬ ಸಂದೇಶದೊಂದಿಗೆ ಖಾಲಿ ಕೋಷ್ಟಕ ಬರುವುದೇ ಹೆಚ್ಚು.

ಆ ಕೋಷ್ಟಕದ ಕಲಂಗಳನ್ನು ಮೇಲಿನ ಕಚೇರಿಯಲ್ಲಿ ಪ್ರಶ್ನೆಯ ಪದಗಳನ್ನು ನೋಡಿಕೊಂಡು ಹಾಕುತ್ತಾರೆ. ಇಡೀ ವಿಷಯದ ಕೀಲಿ ಇಲ್ಲಿದೆ. ಪ್ರಶ್ನೆಯಲ್ಲಿ ಹಲಗೆ ಎಂದಿದ್ದರೆ ಹಲಗೆಯ ಕಲಂ ಹುಟ್ಟುತ್ತದೆ, ಅದನ್ನು ತುಂಬಲು ಯಾರಾದರೂ ಗೋದಾಮಿನ ಬಾಗಿಲು ತೆಗೆದು ಎಣಿಸಬೇಕಾಗುತ್ತದೆ. ಪ್ರಶ್ನೆಯಲ್ಲಿ ‘ಅನುದಾನ’ ಎಂದಷ್ಟೇ ಇದ್ದರೆ ಲೆಕ್ಕ ಶಾಖೆಯ ಕಂಪ್ಯೂಟರಿನಲ್ಲಿ ಸಿದ್ಧವಿರುವ ಕೋಷ್ಟಕವೇ ಮೇಲಕ್ಕೆ ಹೋಗುತ್ತದೆ, ಹೊಳೆಯ ಹತ್ತಿರ ಯಾರೂ ಸುಳಿಯಬೇಕಿಲ್ಲ. ಅರ್ಧ ದಿನದಲ್ಲಿ ನಾಲ್ಕು ಕ್ಷೇತ್ರಗಳ ಮಾಹಿತಿ ಕೊಡಬೇಕಾದ ಕಿರಿಯ ಇಂಜಿನಿಯರರನ್ನು ಇದಕ್ಕೆ ದೂರಿ ಫಲವಿಲ್ಲ.

ಇನ್ನೊಂದು ಎಡವಟ್ಟೂ ಇದೇ ಹಂತದಲ್ಲಿ ಆಯಿತು. ಶಾಸಕರು ಕೇಳಿದ್ದು ಕ್ಷೇತ್ರದ ಲೆಕ್ಕ, ಉಪವಿಭಾಗದಲ್ಲಿದ್ದದ್ದು ತಾಲೂಕಿನ ಲೆಕ್ಕ. ಬ್ರಹ್ಮಾವರ ತಾಲೂಕು ಒಂದೇ ಕ್ಷೇತ್ರದೊಳಗೆ ಬರುವುದಿಲ್ಲ. ಬ್ರಹ್ಮಾವರ ಪೇಟೆ ಉಡುಪಿ ಕ್ಷೇತ್ರದಲ್ಲಿದೆ, ಕೋಟ ಕುಂದಾಪುರ ಕ್ಷೇತ್ರದಲ್ಲಿದೆ. ಹೀಗಾಗಿ ಪಕ್ಕದ ಕ್ಷೇತ್ರದ ಎರಡು ಅಣೆಕಟ್ಟುಗಳು ಅನುಬಂಧದೊಳಗೆ ಬಂದವು, ಸ್ವಂತ ಕ್ಷೇತ್ರದ ಒಂದು ಬಿಟ್ಟುಹೋಯಿತು. ಗ್ರಾಮ ಪಂಚಾಯಿತಿಗಳ ಹೆಸರನ್ನು ಪ್ರಶ್ನೆಯಲ್ಲೇ ಬರೆದರೆ ಈ ಗೊಂದಲ ಇರುವುದಿಲ್ಲ.

18 ಕೋಟಿ ಇದ್ದೂ 1.85 ಲಕ್ಷ ಏಕಿರಲಿಲ್ಲ

ಸರ್ಕಾರದ ಹಣ ಒಂದೇ ಚೀಲದಲ್ಲಿ ಇರುವುದಿಲ್ಲ. ಸಣ್ಣ ನೀರಾವರಿಗೆ ಎರಡು ಮುಖ್ಯ ಲೆಕ್ಕಶೀರ್ಷಿಕೆಗಳಿವೆ: 4702 ಬಂಡವಾಳ ವೆಚ್ಚಕ್ಕೆ, 2702 ರಾಜಸ್ವ ವೆಚ್ಚಕ್ಕೆ. ಹೊಸ ಅಣೆಕಟ್ಟು, ಅದರೊಂದಿಗೆ ಸೇತುವೆ, ದಂಡೆಗೆ ತಡೆಗೋಡೆ ಇವು 4702ರಲ್ಲಿ ಬರುತ್ತವೆ. ಹಲಗೆ ಹಾಕುವ–ತೆಗೆಯುವ ಕೂಲಿ, ಹಲಗೆ ಬದಲಿಸುವುದು, ಸಣ್ಣಪುಟ್ಟ ದುರಸ್ತಿ ನಿರ್ವಹಣೆಯ ಕೆಲಸ, ಅದಕ್ಕೆ 2702. ಒಂದರಲ್ಲಿ ಉಳಿದ ಹಣವನ್ನು ಇನ್ನೊಂದಕ್ಕೆ ಕಾರ್ಯಪಾಲಕ ಇಂಜಿನಿಯರ್ ತಮ್ಮ ಮಟ್ಟದಲ್ಲಿ ತಿರುಗಿಸುವಂತಿಲ್ಲ. ಅನುಬಂಧದ 18 ಕೋಟಿಯೂ 4702ರದ್ದೇ. ‘ಅನುದಾನ’ ಎಂಬ ಪದಕ್ಕೆ ದೊಡ್ಡ ಲೆಕ್ಕ ಮೊದಲು ಕಣ್ಣಿಗೆ ಬೀಳುವುದು ಸಹಜ. ನಿರ್ವಹಣೆಯ ಸಾಲು ಕೇಳಿರಲಿಲ್ಲ, ಬರಲಿಲ್ಲ.

ಕೋಷ್ಟಕದ ‘ವೆಚ್ಚ’ ಎಂಬ ಕಲಮನ್ನೂ ಎಚ್ಚರದಿಂದ ಓದಬೇಕು. ಆ ವರ್ಷ ಖಜಾನೆಯಿಂದ ಪಾವತಿಯಾದ ಮೊತ್ತವೇ ಅಲ್ಲಿ ವೆಚ್ಚ. ಹಿಂದಿನ ವರ್ಷ ಮುಗಿದ ಕಾಮಗಾರಿಯ ಬಾಕಿ ಬಿಲ್ಲು ಈ ವರ್ಷ ತೀರಿದರೆ ಅದೂ ಈ ವರ್ಷದ ವೆಚ್ಚವೇ. 15.60 ಕೋಟಿ ವೆಚ್ಚ ಎಂದರೆ ಅಷ್ಟು ಕೆಲಸ ಆ ಮೂರು ವರ್ಷಗಳಲ್ಲೇ ಆಯಿತೆಂದು ಅರ್ಥವಲ್ಲ. ಆಯವ್ಯಯದಲ್ಲಿ ಹಂಚಿಕೆ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಹಣ ಬಿಡುಗಡೆ, ಬಿಲ್ಲು, ಪಾವತಿ ಇವು ಬೇರೆಬೇರೆ ಮೆಟ್ಟಿಲುಗಳು. ‘ಮಂಜೂರಾಗಿದೆ’ ಎಂಬ ಮಾತು ಇವುಗಳಲ್ಲಿ ಯಾವ ಮೆಟ್ಟಿಲಿಗೂ ಹೊಂದುತ್ತದೆ. ಆದ್ದರಿಂದ ಪ್ರತಿ ಮೆಟ್ಟಿಲಿನ ದಿನಾಂಕವನ್ನು ಪ್ರತ್ಯೇಕವಾಗಿ ಕೇಳಬೇಕು.

ಕಿಂಡಿ ಅಣೆಕಟ್ಟಿಗೇ ವಿಶೇಷವಾದ ಇನ್ನೊಂದು ಗಂಟು ಇದೆ, ಕರಾವಳಿಯ ಹೊರಗಿನವರಿಗೆ ಅದು ಸುಲಭಕ್ಕೆ ಹೊಳೆಯುವುದಿಲ್ಲ. ಹಲಗೆ ಹಾಕುವುದು ಡಿಸೆಂಬರಿನಲ್ಲಿ, ತೆಗೆಯುವುದು ಮೇ ತಿಂಗಳಲ್ಲಿ. ನಡುವೆ ಮಾರ್ಚ್ 31 ಬರುತ್ತದೆ. ಒಂದೇ ಹಂಗಾಮಿನ ಕೆಲಸ ಎರಡು ಆರ್ಥಿಕ ವರ್ಷಕ್ಕೆ ಹಂಚಿಹೋಗುತ್ತದೆ. ಈ ಪ್ರಕರಣದಲ್ಲಿ, ಮೊದಲ ಪ್ರಶ್ನೆಗಿಂತ ಹಿಂದಿನ ಹಂಗಾಮಿನಲ್ಲಿ, ಹಾಕುವುದಕ್ಕೆ 1.10 ಲಕ್ಷ ರೂಪಾಯಿಯ ಕಾರ್ಯಾದೇಶ ಇತ್ತು, ತೆಗೆಯುವ 50 ಸಾವಿರಕ್ಕೆ ಹೊಸ ವರ್ಷದ ಹಂಚಿಕೆ ಬರಲಿ ಎಂದು ಕಾದರು. ಏಪ್ರಿಲ್ ಹೋಯಿತು, ಮೇ ಹೋಯಿತು. ಮಳೆ ಬಿದ್ದ ಮೇಲೆ ಪಂಚಾಯಿತಿಯವರು ಆಳು ಕರೆಸಿ ಅವಸರದಲ್ಲಿ ಕಿತ್ತರು. ಕೆಳಗಿನ ಹಲಗೆಗಳು ಒದ್ದೆ ಮಣ್ಣಿನಲ್ಲಿ ಕಚ್ಚಿಕೊಂಡಿದ್ದವು, ಹಾರೆ ಹಾಕಿ ಎಬ್ಬಿಸುವಾಗ ಅಂಚು ಸೀಳಿತು, ಕೆಲವು ತೇಲಿಹೋದವು. ಉಳಿದವನ್ನು ಹಸಿ ಇರುವಾಗಲೇ ಗೋದಾಮಿನ ನೆಲದಲ್ಲಿ ಪೇರಿಸಿದರು, ಗೆದ್ದಲು ಹಿಡಿಯಿತು. 74ರ ಕೊರತೆ ಹುಟ್ಟಿದ್ದು ಹೀಗೆ. ವರ್ಷವಾರು ಕೋಷ್ಟಕದಲ್ಲಿ ಎರಡು ವರ್ಷವೂ ‘ನಿರ್ವಹಣೆ ಮಾಡಲಾಗಿದೆ’ ಎಂದೇ ಕಾಣುತ್ತದೆ. ಹಂಗಾಮುವಾರು ಕೇಳಿದರೆ ಮಾತ್ರ ತೂತು ಕಣ್ಣಿಗೆ ಬೀಳುತ್ತದೆ.

ಹಲಗೆಯ ಸಂಖ್ಯೆಯ ಜೊತೆಗೆ ಸ್ಥಿತಿಯನ್ನೂ ಏಕೆ ಕೇಳಬೇಕೆಂದರೆ, ಎಲ್ಲ ಹಲಗೆಗೂ ಒಂದೇ ಭಾರ ಬೀಳುವುದಿಲ್ಲ. ನೀರು 2.4 ಮೀಟರ್ ನಿಂತಾಗ ನೀರಿನ ಕಡೆಯ ಸಾಲಿನ ತಳದ ಹಲಗೆಯ ಮೇಲೆ ಸುಮಾರು 1,350 ಕಿಲೋ ಒತ್ತಡ, ತುದಿಯ ಹಲಗೆಯ ಮೇಲೆ ಸುಮಾರು 90 ಕಿಲೋ, ಅಂದರೆ 15 ಪಟ್ಟು ವ್ಯತ್ಯಾಸ. ಗಟ್ಟಿ ಹಲಗೆ ತಳಕ್ಕೆ, ಸವೆದದ್ದು ಮೇಲಕ್ಕೆ ಎಂದು ಹಳಬರು ಹೇಳುವುದಕ್ಕೆ ಲೆಕ್ಕದ ಆಧಾರವಿದೆ. ತಳದಲ್ಲಿ ಒಂದು ಹಲಗೆ ಕೈಕೊಟ್ಟರೆ ಮೇಲಿನ ಏಳೂ ಇದ್ದು ಪ್ರಯೋಜನವಿಲ್ಲ, ಕಿಂಡಿಯ ಮಣ್ಣು ಕೊಚ್ಚಿ ಹಿನ್ನೀರು ರಾತ್ರಿ ಕಳೆಯುವುದರೊಳಗೆ ಇಳಿದುಹೋಗುತ್ತದೆ.

ಜುಲೈಯಲ್ಲಿ ಎರಡನೇ ಪ್ರಶ್ನೆ

ಡಿಸೆಂಬರಿನಲ್ಲಿ ಕೇಳಿದ ಪ್ರಶ್ನೆಗೆ ಅತ್ಯುತ್ತಮ ಉತ್ತರ ಬಂದಿದ್ದರೂ ಆ ಹಂಗಾಮಿಗೆ ಉಪಯೋಗವಿರಲಿಲ್ಲ. ಅಂದಾಜು ಪಟ್ಟಿ, ಟೆಂಡರ್, ಕಾರ್ಯಾದೇಶ ಮುಗಿಯಲು ತಿಂಗಳುಗಳೇ ಬೇಕು. ಹಲಗೆಯ ವಿಷಯ ಕೇಳಲು ತಕ್ಕ ಕಾಲ ಮಳೆಗಾಲದ ಅಧಿವೇಶನ, ಹೊಳೆ ತುಂಬಿ ಹರಿಯುತ್ತಿರುವಾಗಲೇ. ಎರಡನೇ ಸಲ ಪ್ರಶ್ನೆ ಹೀಗೆ ಬಂತು:

(ಅ) ಪಟ್ಟಿಯಲ್ಲಿ ಹೆಸರಿಸಿರುವ ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯ ಪ್ರತಿ ಕಿಂಡಿ ಅಣೆಕಟ್ಟಿಗೆ ಬೇಕಾದ ಹಲಗೆಗಳೆಷ್ಟು, ಜೂನ್ 30ರ ಅಂತ್ಯಕ್ಕೆ ದಾಸ್ತಾನಿನಲ್ಲಿ ಬಳಕೆಗೆ ಯೋಗ್ಯವಾಗಿರುವುದೆಷ್ಟು;
(ಆ) ಕಳೆದ ಮೂರು ಹಂಗಾಮುಗಳಲ್ಲಿ ಪ್ರತಿ ಅಣೆಕಟ್ಟಿಗೆ ಹಲಗೆ ಅಳವಡಿಸಿದ ಮತ್ತು ತೆಗೆದ ದಿನಾಂಕಗಳಾವುವು;
(ಇ) ಲೆಕ್ಕಶೀರ್ಷಿಕೆ 2702ರಡಿ ಈ ಕೆಲಸಕ್ಕೆ ಹಂಚಿಕೆ, ಬಿಡುಗಡೆ, ವೆಚ್ಚ ಮತ್ತು ಬಾಕಿ ಬಿಲ್ಲುಗಳೆಷ್ಟು (ಹಂಗಾಮುವಾರು, ರೂ. ಲಕ್ಷಗಳಲ್ಲಿ);
(ಈ) ಬರುವ ಹಂಗಾಮಿಗೆ ಟೆಂಡರ್ ಕರೆಯುವ ಮತ್ತು ಕಾರ್ಯಾದೇಶ ನೀಡುವ ದಿನಾಂಕಗಳಾವುವು, ಹೊಣೆ ಹೊತ್ತ ಅಧಿಕಾರಿಯ ಪದನಾಮವೇನು?

‘ರೂ. ಲಕ್ಷಗಳಲ್ಲಿ’ ಎಂದು ಬರೆದದ್ದಕ್ಕೂ ಕಾರಣವಿದೆ. ಒಂದೇ ಅನುಬಂಧದಲ್ಲಿ ಒಂದು ಉಪವಿಭಾಗ ಕೋಟಿಯಲ್ಲಿ, ಇನ್ನೊಂದು ಲಕ್ಷದಲ್ಲಿ ಬರೆದರೆ ಮೊತ್ತ ಕೂಡಿಸುವವರು ಎಡವುತ್ತಾರೆ. ಈ ಪ್ರಶ್ನೆಯಲ್ಲಿ ಆಪಾದನೆ ಇಲ್ಲ, ಅಭಿಪ್ರಾಯ ಕೇಳಿಲ್ಲ, ಊಹೆ ಇಲ್ಲ. ಹಾಗಾಗಿ ತಿರಸ್ಕರಿಸಲೂ ಕಾರಣವಿಲ್ಲ. ‘ರೈತರ ಬದುಕು ಬೀದಿಗೆ ಬಿದ್ದಿದೆ’ ಎಂಬಂಥ ಸಾಲು ಭಾಷಣಕ್ಕಿರಲಿ, ಪ್ರಶ್ನೆಯಲ್ಲಿ ಅದು ಜಾಗ ತಿನ್ನುತ್ತದೆ.

ಯಾವ ಇಲಾಖೆಗೆ ಎಂಬುದನ್ನೂ ಮೊದಲೇ ಖಚಿತ ಮಾಡಿಕೊಂಡರು. ನೇತ್ರಾವತಿಯ ಉದಾಹರಣೆ ನೋಡಿ: ತುಂಬೆಯ ಕಿಂಡಿ ಅಣೆಕಟ್ಟು ಮಂಗಳೂರು ನಗರದ ಕುಡಿಯುವ ನೀರಿನದು, ಹರೇಕಳ–ಅಡ್ಯಾರು ನಡುವಿನದು ಸಣ್ಣ ನೀರಾವರಿ ಇಲಾಖೆ ಕಟ್ಟಿದ್ದು, ಶಂಭೂರಿನದು ಜಲವಿದ್ಯುತ್ ಯೋಜನೆಯದು. ಹೊಳೆ ಒಂದೇ, ಉತ್ತರಿಸಬೇಕಾದವರು ಬೇರೆ. ತಪ್ಪು ಇಲಾಖೆಗೆ ಹೋದ ಪ್ರಶ್ನೆ ವರ್ಗಾವಣೆಯಲ್ಲೇ ಅಧಿವೇಶನ ಕಳೆಯುತ್ತದೆ. ನಮ್ಮ ಪ್ರಕರಣದ ಅಣೆಕಟ್ಟಿಗೂ ಇಂಥ ಒಂದು ತೊಡಕಿತ್ತು. ಕಟ್ಟಿದ್ದು ಇಲಾಖೆ, ಹಲಗೆ ಇಟ್ಟಿದ್ದು ಪಂಚಾಯಿತಿ ಗೋದಾಮಿನಲ್ಲಿ. ಕಾಣೆಯಾದ ಹಲಗೆಗೆ ಇಬ್ಬರೂ ಇನ್ನೊಬ್ಬರತ್ತ ಕೈ ತೋರಿಸುತ್ತಿದ್ದರು. (ಈ)ಯಲ್ಲಿ ಪದನಾಮ ಕೇಳಿದ್ದು ಈ ಕಾರಣಕ್ಕೆ.

ಮೊದಲ ಪ್ರಶ್ನೆ ಚುಕ್ಕೆ ಗುರುತಿಲ್ಲದ್ದು, ಲಿಖಿತ ಉತ್ತರದಲ್ಲೇ ಮುಗಿಯಿತು. ಈ ಸಲದ್ದು ಚುಕ್ಕೆ ಗುರುತಿನದು, ಸದನದಲ್ಲಿ ಎದ್ದು ನಿಂತು ಉಪಪ್ರಶ್ನೆ ಕೇಳಬಹುದು. ದಿನದ ಪಟ್ಟಿಯಲ್ಲಿ ಇಂಥವು 15. ಪ್ರಶ್ನೋತ್ತರಕ್ಕೆ ಒಂದು ಗಂಟೆ, ತಲಾ 4 ನಿಮಿಷ. ಮುಂದಿನವರ ಚರ್ಚೆ ಬೆಳೆದರೆ ಕೊನೆಯ ಸಂಖ್ಯೆಯವರಿಗೆ ಸರದಿಯೇ ಬರುವುದಿಲ್ಲ, ಉತ್ತರ ಮಂಡಿಸಲಾಯಿತು ಎಂದು ಮುಂದೆ ಹೋಗುತ್ತಾರೆ. ಹಾಗಾದರೆ ನಿಯಮ 73ರ ಗಮನ ಸೆಳೆಯುವ ಸೂಚನೆಯ ದಾರಿ ಹಿಡಿಯಬೇಕಾಗುತ್ತದೆ. ಇಲ್ಲಿ ಅದೃಷ್ಟಕ್ಕೆ ಕ್ರಮಸಂಖ್ಯೆ 4 ಬಂದಿತ್ತು.

ಅನುಬಂಧದ ಒಂದು ಸಾಲು ಹೇಳಬೇಕಾದದ್ದನ್ನೆಲ್ಲ ಹೇಳಿತು: ಬೇಕಾದ ಹಲಗೆ 192, ಯೋಗ್ಯ 118, ಅಳವಡಿಸಿದ ದಿನ ಜನವರಿ 9, ತೆಗೆದ ದಿನದ ಕಲಮಿನಲ್ಲಿ ಅಡ್ಡಗೆರೆ. ಉಪಪ್ರಶ್ನೆ ಮೂಲ ಪ್ರಶ್ನೆಯಿಂದಲೇ ಹುಟ್ಟಬೇಕು, ಅದೂ ಚಿಕ್ಕದಾಗಿರಬೇಕು. ಶಾಸಕರು ಆ ಅಡ್ಡಗೆರೆಯನ್ನೇ ಹಿಡಿದರು: “ಮಾನ್ಯ ಸಭಾಧ್ಯಕ್ಷರೇ, ತೆಗೆದ ದಿನಾಂಕದ ಜಾಗ ಖಾಲಿ ಇದೆ. ಜನವರಿಯಲ್ಲಿ ಹಾಕಿದ ಹಲಗೆಯನ್ನು ಇಲಾಖೆ ತೆಗೆಯಲೇ ಇಲ್ಲವೇ? ಈ ವರ್ಷ ಹಾಕುವುದಕ್ಕೂ ತೆಗೆಯುವುದಕ್ಕೂ ಸೇರಿ ಒಂದೇ ಕಾರ್ಯಾದೇಶ ಕೊಡುತ್ತೀರಾ? ಯಾವ ದಿನದೊಳಗೆ ಹಾಕಿಸುತ್ತೀರಿ?” ಸಚಿವರು ಅಧಿಕಾರಿಗಳ ಗ್ಯಾಲರಿಯಿಂದ ಬಂದ ಚೀಟಿ ನೋಡಿ, ಒಂದೇ ಕಾರ್ಯಾದೇಶ ಕೊಡುವುದಾಗಿ, ನವೆಂಬರ್ 25ರೊಳಗೆ ಹಲಗೆ ಅಳವಡಿಸುವುದಾಗಿ ಹೇಳಿದರು.

ಬಾಯಿಮಾತಿನ ಆ ದಿನಾಂಕ ಇಡೀ ಪ್ರಕರಣದಲ್ಲಿ ಸಿಕ್ಕ ಅತ್ಯಂತ ಗಟ್ಟಿ ವಸ್ತು. ಸದನದ ನಡವಳಿಯಲ್ಲಿ ಅಚ್ಚಾದ ಮೇಲೆ ಅದು ಭರವಸೆ, ಸರ್ಕಾರಿ ಭರವಸೆಗಳ ಸಮಿತಿ ಅದರ ಬಗ್ಗೆ ಇಲಾಖೆಯನ್ನು ಕೇಳಬಹುದು. ‘ಆದ್ಯತೆಗನುಗುಣವಾಗಿ’ ಎಂಬ ಹಿಂದಿನ ಉತ್ತರವನ್ನು ಯಾರೂ ಹೀಗೆ ಹಿಡಿದು ಕೇಳಲಾಗುವುದಿಲ್ಲ, ಏಕೆಂದರೆ ಅದು ಈಡೇರದೆ ಉಳಿದ ದಿನ ಯಾವುದೆಂದು ತೋರಿಸಲು ಬರುವುದಿಲ್ಲ. ಶಾಸಕರ ಕಚೇರಿ ನಡವಳಿಯ ಆ ಪುಟದ ಪ್ರತಿಯನ್ನು ಇಟ್ಟುಕೊಂಡು, ಮಣಿಪಾಲದ ರಜತಾದ್ರಿಯಲ್ಲಿ (ಜಿಲ್ಲಾಡಳಿತದ ಕಚೇರಿ ಸಂಕೀರ್ಣ) ನಡೆದ ಕೆ.ಡಿ.ಪಿ. (ಇಲಾಖೆಗಳ ಪ್ರಗತಿ ಪರಿಶೀಲನೆ) ಸಭೆಗೂ ಒಯ್ದಿತು. ಪ್ರಗತಿ ವರದಿಯ ನಿರ್ವಹಣೆಯ ಅಂಕಿಗೂ ಸದನಕ್ಕೆ ಕೊಟ್ಟ ಅನುಬಂಧದ ಅಂಕಿಗೂ ತಾಳೆಯಾಗಲಿಲ್ಲ. ಒಂದರಲ್ಲಿ ಬಾಕಿ ಬಿಲ್ಲು ಸೇರಿತ್ತು, ಇನ್ನೊಂದರಲ್ಲಿ ಬಿಟ್ಟಿತ್ತು. ಅಲ್ಲೇ ತಿದ್ದಿಸಿದರು. ಶಾಸಕರಲ್ಲದವರಿಗೂ ಈ ದಾರಿ ತೆರೆದಿದೆ: ಸದನದ ಉತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ, ಗೋದಾಮಿನ ದಾಸ್ತಾನು ವಹಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು.

ಆ ವರ್ಷ ಹಲಗೆ ಹಾಕಿದ್ದು ನವೆಂಬರ್ 29ಕ್ಕೆ. ನಾಲ್ಕು ದಿನ ತಡ, ಆದರೂ ಸುಗ್ಗಿಗೆ ನೀರು ಸಿಕ್ಕಿತು. 74 ಹೊಸ ಹಲಗೆಗಳಲ್ಲಿ ಕೆಲವು ಗಾಡಿಯಲ್ಲಿ ಇಳಿಯದೆ ಬಿಗಿದುಕೊಂಡವು, ಅಳತೆ ತೆಗೆದವರು ಒಂದು ಕಿಂಡಿಯನ್ನಷ್ಟೇ ಅಳೆದಿದ್ದರು. ಹಳೆಯ ಅಣೆಕಟ್ಟಿನಲ್ಲಿ ಕಿಂಡಿಯಿಂದ ಕಿಂಡಿಗೆ ಒಂದೆರಡು ಸೆಂ.ಮೀ. ವ್ಯತ್ಯಾಸ ಇದ್ದೇ ಇರುತ್ತದೆ. ಬಡಗಿಯನ್ನು ಹೊಳೆ ಬದಿಗೇ ಕರೆಸಿ ಅಂಚು ಕೀಸಿದರು. ಮರುವರ್ಷ ಮೇ 19ಕ್ಕೆ, ಪತ್ತನಾಜೆಗೆ ಐದು ದಿನ ಮೊದಲು, ಅದೇ ಕಾರ್ಯಾದೇಶದಡಿ ಹಲಗೆ ತೆಗೆದು ಬಿಸಿಲಿಗೆ ಒಣಗಿಸಿ, ಗೋದಾಮಿನಲ್ಲಿ ಕಲ್ಲಿನ ಮೇಲೆ ಎತ್ತರಿಸಿ ಪೇರಿಸಿದರು. ದಾಸ್ತಾನು ವಹಿಯಲ್ಲಿ ಬರೆದದ್ದು: ಒಟ್ಟು 192, ಯೋಗ್ಯ 183, ಬದಲಿಸಬೇಕಾದ್ದು 9, ಎಲ್ಲವೂ ತಳದ ಸಾಲಿನವು. ಶಾಸಕರ ಕಚೇರಿಯಲ್ಲಿ ಮುಂದಿನ ಜುಲೈಯ ಪ್ರಶ್ನೆಯ ಕರಡು ಈ 9ರಿಂದ ಶುರುವಾಗಿದೆ.